ಲಿನಕ್ಸ್‌ನಲ್ಲಿ ನೆಟ್ ವೇಗಕ್ಕೆ ಮಿತಿ ಹಾಕುವ ಟಿಸಿ ಕಮಾಂಡ್ ಕೊಟ್ಟರೂ ಅಪ್‌ಲೋಡ್ ವೇಗ ಇಳಿಯುತ್ತಿಲ್ಲ, ಎಲ್ಲಿ ತಪ್ಪಿದೆ?

ಪ್ರಶ್ನೆ:
ಮನೆಯ ಲಿನಕ್ಸ್ ಕಂಪ್ಯೂಟರ್‌ನಿಂದ ದಿನಾ ರಾತ್ರಿ ಫೋಟೋಗಳ ಬ್ಯಾಕಪ್ ಹೊರಗಿನ ಸರ್ವರ್‌ಗೆ ಹೋಗುತ್ತದೆ. ನಮ್ಮ ಲೈನಿನ ಅಪ್‌ಲೋಡ್ ಬರೀ 10 ಮೆಗಾಬಿಟ್. ಬ್ಯಾಕಪ್ ಶುರುವಾದರೆ ಸಾಕು, ಅಮ್ಮ ಫೋನಲ್ಲಿ ಅಕ್ಕನ ಜೊತೆ ವಿಡಿಯೋ ಕಾಲ್ ಮಾಡುತ್ತಿದ್ದರೆ ಅಕ್ಕನ ಕಡೆ ಮುಖ ನಿಂತಲ್ಲೇ ನಿಂತುಬಿಡುತ್ತದೆ, ಮಾತು ತುಂಡು ತುಂಡಾಗಿ ಕೇಳಿಸುತ್ತದೆ. ಪಿಂಗ್ (ಡೇಟಾ ಹೋಗಿ ಬರುವ ಸಮಯ) 20 ಮಿಲಿಸೆಕೆಂಡ್ ಇದ್ದದ್ದು 700 ದಾಟುತ್ತದೆ. ಅಪ್‌ಲೋಡ್ 8 ಮೆಗಾಬಿಟ್ ದಾಟದಿರಲಿ ಅಂತ ರೂಟ್ (ಅಡ್ಮಿನ್) ಆಗಿ ಹೀಗೆ ಕೊಟ್ಟೆ:

ಟಿಸಿ ಕ್ಯೂಡಿಸ್ಕ್ ಆಡ್ ಡೆವ್ ಇಟಿಎಚ್0 ರೂಟ್ ಟಿಬಿಎಫ್ ರೇಟ್ 8ಎಂಬಿಪಿಎಸ್ ಬರ್ಸ್ಟ್ 32ಕೆಬಿ ಲೇಟೆನ್ಸಿ 50ಎಂಎಸ್

ಎರರ್ ಬರಲಿಲ್ಲ, ವೇಗವೂ ಇಳಿಯಲಿಲ್ಲ.

ಉತ್ತರ 1:
ತಪ್ಪಿರೋದು 'ಎಂಬಿಪಿಎಸ್' ಅನ್ನೋದರಲ್ಲಿ. ಇಂಟರ್ನೆಟ್ ಪ್ಲಾನಿನಲ್ಲಿ ಅದು ಮೆಗಾಬಿಟ್, ಆದರೆ ಟಿಸಿ ಅದನ್ನು ಸೆಕೆಂಡಿಗೆ ಮೆಗಾಬೈಟ್ (1 ಬೈಟ್ ಅಂದರೆ 8 ಬಿಟ್) ಅಂತ ಓದುತ್ತದೆ. ಅಂದರೆ ನೀವು ಹಾಕಿದ ಮಿತಿ 64 ಮೆಗಾಬಿಟ್, ಇರುವ ಲೈನೇ 10! 'ಟಿಸಿ ಕ್ಯೂಡಿಸ್ಕ್ ಶೋ' ಕೊಟ್ಟು ನೋಡಿ, 64ಎಂಬಿಟ್ (ಮೆಗಾಬಿಟ್) ಅಂತಲೇ ತೋರಿಸುತ್ತದೆ. '8ಎಂಬಿಟ್' ಅಂತ ಬರೆಯಿರಿ. 'ಆಡ್' ಬದಲು 'ರಿಪ್ಲೇಸ್' ಹಾಕಿ, ಇಲ್ಲದಿದ್ದರೆ ಹಳೆಯ ಮಿತಿ ಆಗಲೇ ಇರುವುದರಿಂದ ಎರರ್ ಬರುತ್ತದೆ.

10ರ ಲೈನಿಗೆ 8 ಇಟ್ಟಿದ್ದು ಸರಿಯಾಗಿದೆ. ಲೈನಿಗಿಂತ ಸ್ವಲ್ಪ ಕಡಿಮೆ ಇದ್ದರೆ ಪ್ಯಾಕೆಟ್‌ಗಳ (ಡೇಟಾ ತುಣುಕುಗಳ) ಸಾಲು ನಿಮ್ಮ ಕಂಪ್ಯೂಟರ್‌ನಲ್ಲೇ ನಿಲ್ಲುತ್ತದೆ. ಪೂರ್ತಿ 10 ಬಿಟ್ಟರೆ ಆ ಸಾಲು ರೂಟರ್‌ನಲ್ಲಿ ಬೆಳೆಯುತ್ತದೆ, ಅಮ್ಮನ ಕಾಲ್ ಅದರ ಹಿಂದೆ ಕಾಯಬೇಕಾಗುತ್ತದೆ.

ಉತ್ತರ 2:
ಬ್ಯಾಕಪ್ ಒಂದೇ ಕಾಟ ಕೊಡುತ್ತಿದ್ದರೆ ಟಿಸಿ ಬೇಕಾಗಿಯೇ ಇಲ್ಲ ಅಲ್ವಾ? ಬ್ಯಾಕಪ್‌ಗೆ ಆರ್‌ಸಿಂಕ್ ಅನ್ನೋ ಪ್ರೋಗ್ರಾಂ ಬಳಸುತ್ತಿದ್ದರೆ ಅದರಲ್ಲೇ ವೇಗಕ್ಕೆ ಮಿತಿ ಹಾಕುವ 'ಬಿಡಬ್ಲ್ಯೂಲಿಮಿಟ್' ಇದೆ. 900 ಕೊಟ್ಟರೆ ಸೆಕೆಂಡಿಗೆ 900 ಕಿಲೋಬೈಟ್, ಸುಮಾರು 7 ಮೆಗಾಬಿಟ್.

ಟಿಸಿಯೇ ಬೇಕಂದರೆ ಒಂದು ಮಾತು. ದೂರದ ಮಷಿನ್‌ಗೆ ಎಸ್‌ಎಸ್‌ಎಚ್‌ನಲ್ಲಿ (ನೆಟ್ ಮೂಲಕ ಲಾಗಿನ್ ಆಗಿ) ಹೋಗಿ ಇದನ್ನು ಮಾಡುವಾಗ, ಮೊದಲು ಎರಡು ನಿಮಿಷದ ನಂತರ 'ಟಿಸಿ ಕ್ಯೂಡಿಸ್ಕ್ ಡೆಲ್ ಡೆವ್ ಇಟಿಎಚ್0 ರೂಟ್' ತಾನಾಗಿ ಓಡುವ ಹಾಗೆ ಹಿನ್ನೆಲೆಯಲ್ಲಿ ಇಟ್ಟುಬಿಡಿ, ತಪ್ಪಿದರೂ ಹಾಕಿದ ಮಿತಿಯನ್ನು ಅದು ತೆಗೆದುಹಾಕುತ್ತದೆ. ರೇಟ್‌ನಲ್ಲಿ ಒಂದು ಸೊನ್ನೆ ಬಿಟ್ಟುಹೋಗಿ ನಾನು ಅರ್ಧ ದಿನ ಒದ್ದಾಡಿದ್ದೇನೆ, ಟೈಪ್ ಮಾಡಿದ ಒಂದೊಂದು ಅಕ್ಷರ ಕಾಣಿಸೋಕೂ ಕಾಯಬೇಕಿತ್ತು.

ಕೇಳಿದವರು:
'8ಎಂಬಿಟ್' ಕೆಲಸ ಮಾಡಿತು! ಬ್ಯಾಕಪ್ ಓಡುತ್ತಿರುವಾಗಲೇ ಫೋನಿಂದ ಪಿಂಗ್ 25ರ ಆಸುಪಾಸು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬ್ರೌಸರ್‌ನಿಂದಲೂ ದೊಡ್ಡ ಫೈಲ್ ಕಳಿಸುತ್ತೇನೆ, ಅದಕ್ಕೆ ಟಿಸಿಯನ್ನೇ ಇಟ್ಟುಕೊಳ್ಳುತ್ತೇನೆ. ಡೌನ್‌ಲೋಡ್‌ಗೂ ಇದೇ ಸಾಕಾ?

ಉತ್ತರ 1:
ಸಾಲದು. ಇದು ಹೊರಗೆ ಹೋಗುವುದಕ್ಕೆ ಮಾತ್ರ. ಒಳಬರುವುದನ್ನು ಮೊದಲು ಐಎಫ್‌ಬಿ ಅನ್ನೋ ವರ್ಚುವಲ್ ಇಂಟರ್ಫೇಸ್‌ಗೆ ತಿರುಗಿಸಿ ಅಲ್ಲಿ ಮಿತಿ ಹಾಕಬೇಕು. ಮತ್ತೆ, ಮಷಿನ್ ರೀಬೂಟ್ ಆದರೆ ಈಗ ಹಾಕಿದ್ದೂ ಹೋಗುತ್ತದೆ, ಬೂಟ್ ಸ್ಕ್ರಿಪ್ಟ್‌ಗೆ ಸೇರಿಸಿಕೊಳ್ಳಿ.