ಸಾಮಾನಿಗೆ ವೈರಾಗ್ಯ ಬಂದ ಕಥೆ

"ಕ್ಯಾಲಿಫೋರ್ನಿಯಾದಲ್ಲಿ ಬಿಡುಗಡೆಯಾದವರು ಮರಳಿ ಸೆರೆಮನೆ ಸೇರುವ ಪ್ರಮಾಣ ಶೇಕಡಾ ಎಷ್ಟೋ ಇಳಿದುಹೋಗಿದೆ" ಎಂದು ರಾಯರು ಕನ್ನಡಕವನ್ನು ಮೂಗಿನ ಮೇಲೇರಿಸಿಕೊಂಡು ಘೋಷಿಸಿದಾಗಲೇ, ಶೀನಣ್ಣ ಸುಮ್ಮನೆ ಕೂರುವವನಲ್ಲವೆಂದು ನಮಗೆಲ್ಲ ಗೊತ್ತಾಗಿತ್ತು. ರಾಯರಿಗೆ ಈಚೆಗೆ ಶೇಕಡಾವಾರಿನ ಹುಚ್ಚು. ಶೀನಣ್ಣನಿಗೆ ಆ ಪದ ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿ.

"ಇಳಿಯದೆ ಇನ್ನೇನಾಗುತ್ತದೆ ರಾಯರೇ? ಬಿಡುಗಡೆಯಾದವರ ಮೇಲೆ ಕಣ್ಣಿಡುವ ಪೆರೋಲ್ ಅಧಿಕಾರಿಯನ್ನು ಹೇಳಿದ ದಿನ ಕಾಣಲು ಹೋಗದವನನ್ನೂ ಮೊದಲು ರಾಜ್ಯದ ಸೆರೆಮನೆಗೆ ಮರಳಿ ನೂಕಬಹುದಾಗಿತ್ತು. 2011ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕಾನೂನು, ಅಂಥವರಲ್ಲಿ ಬಹುಪಾಲು ಜನರನ್ನು ಇನ್ನು ಮೇಲೆ ಕೌಂಟಿ ಜೈಲಿಗೆ, ಅಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತದ ಜೈಲಿಗೆ, ಕಳುಹಿಸಿ ಎಂದಿತು. ಅಟ್ಟದ ಸಾಮಾನನ್ನು ಮಂಚದ ಕೆಳಗೆ ತಳ್ಳಿ, ಅಟ್ಟ ಖಾಲಿಯಾಗಿರುವುದರಿಂದ ಸಾಮಾನಿಗೆ ವೈರಾಗ್ಯ ಬಂದಿದೆ ಎಂದರೆ ಹೇಗೆ?"

"ಅಟ್ಟ ಕುಸಿದು ಬೀಳುವಂತಿತ್ತು, ಅದನ್ನು ಮರೆಯಬೇಡಿ" ಎಂದು ವಕೀಲರು ಗಂಭೀರವಾದರು. "ಎಂಬತ್ತು ಸಾವಿರಕ್ಕಿಂತ ತುಸು ಕಡಿಮೆ ಜನರಿಗಾಗಿ ಕಟ್ಟಿದ ಸೆರೆಮನೆಗಳಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಜನರಿದ್ದರು. ವ್ಯಾಯಾಮಶಾಲೆಗಳಲ್ಲಿ ಮಂಚದ ಮೇಲೆ ಮಂಚ ಜೋಡಿಸಿ ಇನ್ನೂರು ಮಂದಿಯನ್ನು ಮಲಗಿಸುತ್ತಿದ್ದರು. 54 ಮಂದಿಗೆ ಒಂದೇ ಶೌಚಾಲಯವಿದ್ದ ಉದಾಹರಣೆಯೂ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿದೆ. ಬ್ರೌನ್ ವಿರುದ್ಧ ಪ್ಲಾಟಾ ಪ್ರಕರಣದಲ್ಲಿ ಆ ನ್ಯಾಯಾಲಯ, ಕೈದಿಗಳ ಸಂಖ್ಯೆಯನ್ನು ಸಾಮರ್ಥ್ಯದ ಶೇಕಡಾ 137.5ಕ್ಕೆ ಇಳಿಸಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು."

"ನೂರಕ್ಕೆ ನೂರಾ ಮೂವತ್ತೇಳೂವರೆ! ಆ ಅರ್ಧ ಕೈದಿ ಎಲ್ಲಿ ಮಲಗಬೇಕೆಂದು ನ್ಯಾಯಮೂರ್ತಿಗಳು ಹೇಳಿದರೇ?" ಎಂದ ಶೀನಣ್ಣ.

ಪುಟ್ಟಸ್ವಾಮಿಗೆ ಬೇರೆಯದೇ ದಿಗಿಲು. ಹೊರಗೆ ಬಂದವರೆಲ್ಲ ಕೊಲೆ ಸುಲಿಗೆಗಿಳಿದರೇ ಎಂದು ಆತ ಕೇಳಿದ. ಹಾಗೇನೂ ಆಗಲಿಲ್ಲವೆಂದು ರಾಯರು ಸಂತೈಸಿದರು: ಪಬ್ಲಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಆಫ್ ಕ್ಯಾಲಿಫೋರ್ನಿಯಾದ ಸಂಶೋಧಕರಿಗೆ ಈ ಬದಲಾವಣೆಯಿಂದ ಹಿಂಸಾಪರಾಧ ಹೆಚ್ಚಿದ ಕುರುಹು ಸಿಗಲಿಲ್ಲ, ಕಾರು ಕಳ್ಳತನ ಮಾತ್ರ ಹೆಚ್ಚಿತು.

"ಪೆರೋಲ್ ಕಚೇರಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕಲ್ಲ, ಪಾಪ!" ಎಂದ ಶೀನಣ್ಣ.

ರಾಯರು ಬಿಡಲಿಲ್ಲ. 2014ರಲ್ಲಿ ಮತದಾರರೇ ನೇರವಾಗಿ ಮತ ಹಾಕಿ ಒಪ್ಪಿದ ಪ್ರಾಪೊಸಿಷನ್ 47 ಎಂಬ ಕಾನೂನು, ಮಾದಕವಸ್ತು ಇಟ್ಟುಕೊಂಡಿದ್ದನ್ನೂ 950 ಡಾಲರಿನೊಳಗಿನ ಕಳ್ಳತನವನ್ನೂ ಬಹುಮಟ್ಟಿಗೆ ಲಘು ಅಪರಾಧದ ಪಟ್ಟಿಗೆ ಇಳಿಸಿತೆಂದೂ, ಆಮೇಲೆ ಅಂಥ ಅಪರಾಧಿಗಳು ಮತ್ತೆ ಬಂಧನಕ್ಕೊಳಗಾಗುವುದು ತುಸು ಕಡಿಮೆಯಾಯಿತೆಂದೂ ವಿವರಿಸಿದರು.

"ಬಂಧನ ಕಡಿಮೆಯಾಗಬೇಕಾದರೆ ಕಳ್ಳ ತಿದ್ದಿಕೊಂಡಿರಬೇಕು, ಇಲ್ಲವೇ ಪೊಲೀಸಿನವನಿಗೆ ಹಿಡಿಯುವ ಉತ್ಸಾಹ ತಗ್ಗಿರಬೇಕು. ನಿಮ್ಮ ಅಂಕಿಗೆ ಇಬ್ಬರ ಮುಖವೂ ಒಂದೇ. ಮರುಬಂಧನ, ಮರುಶಿಕ್ಷೆ, ಮರಳಿ ಸೆರೆ ಎಂದು ನಿಮ್ಮ ಬಳಿ ಮೂರು ತಕ್ಕಡಿಗಳಿವೆ. ಅದೇ ಮನುಷ್ಯ ಒಂದರಲ್ಲಿ ಸಂತ, ಇನ್ನೊಂದರಲ್ಲಿ ಸೋಮಾರಿ, ಮೂರನೆಯದರಲ್ಲಿ ಪುಂಡ. ಮೇಲಾಗಿ 2024ರಲ್ಲಿ ಮತದಾರರು ಪ್ರಾಪೊಸಿಷನ್ 36ಕ್ಕೆ ಒಪ್ಪಿಗೆ ಕೊಟ್ಟು ಆ ಕಾನೂನಿನ ಒಂದಷ್ಟು ಭಾಗವನ್ನು ಹಿಂದಕ್ಕೆ ತಿರುಗಿಸಿದರಲ್ಲ, ಇನ್ನು ಅಂಕಿ ಏರಿದರೆ ಅವನು ಹೊಸದಾಗಿ ಕೆಟ್ಟನೆನ್ನುತ್ತೀರೋ?"

"ಜನರನ್ನು ಹಾಗೇ ತುಂಬಿಡಬೇಕಿತ್ತು ಎನ್ನುತ್ತೀರಾ?" ಎಂದು ವಕೀಲರು ಕೆಣಕಿದರು.

"ಖಂಡಿತ ಇಲ್ಲ. ಬಿಟ್ಟದ್ದು ಸರಿಯೇ. ಬಿಟ್ಟವನ ಕೈಗೆ ಏನು ಕೊಟ್ಟರೆಂದು ಮಾತ್ರ ಕೇಳುತ್ತಿದ್ದೇನೆ."

ಸೆರೆಮನೆಯ ಬಾಗಿಲಲ್ಲಿ 200 ಡಾಲರ್ ಕೊಡುವ ಪದ್ಧತಿಯಿದೆಯೆಂದು ವಕೀಲರು ತಗ್ಗಿದ ದನಿಯಲ್ಲಿ ಹೇಳಿದರು. 1970ರ ದಶಕದಲ್ಲಿ ಗೊತ್ತುಮಾಡಿದ ಮೊತ್ತ ಅದು. ಹಾಕಿಕೊಳ್ಳಲು ಬಟ್ಟೆಯಿಲ್ಲದವನು ಅಲ್ಲಿಂದಲೇ ಪಡೆದರೆ, ಆ ಬಟ್ಟೆಯ ಬೆಲೆಯನ್ನೂ ಬಸ್ಸಿನ ಟಿಕೀಟಿನ ಹಣವನ್ನೂ ಅದರಲ್ಲೇ ಮುರಿದುಕೊಂಡದ್ದುಂಟು.

"ಹಾಗಾದರೆ ಶೇಕಡಾ ಎಷ್ಟು ಉಳಿಯಿತು?" ರಾಯರು ಅಭ್ಯಾಸಬಲದಿಂದ ಪೆನ್ಸಿಲ್ಲಿಗೆ ಕೈಹಾಕಿದರು.

ಈ ಸಲ ಶೀನಣ್ಣನಿಗೆ ಸಿಟ್ಟು ಬರಲಿಲ್ಲ. "ಅದೊಂದನ್ನು ಮಾತ್ರ ಡಾಲರಿನಲ್ಲೇ ಹೇಳಿ, ರಾಯರೇ" ಎಂದ.