ಘೋಷಿಸದ ಹೆಸರು, ಬೆಲೆ ಕೊಡದ ಹೆಸರು: ಜಾವಾಸ್ಕ್ರಿಪ್ಟ್‌ಗೆ ಎರಡೂ ಒಂದೆಯೇ?

ಪ್ರಶ್ನೆ: ವಿದ್ಯಾರ್ಥಿನಿ, ಮೂಡಿಗೆರೆ
ನಮ್ಮ ಕಾಫಿ ತೋಟದ ಮಳೆ ಲೆಕ್ಕದ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಲು ಜಾವಾಸ್ಕ್ರಿಪ್ಟ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. 'ಮಳೆ' ಎಂಬ ವೇರಿಯಬಲ್ಲನ್ನು ಲೆಟ್ ಎಂಬ ಘೋಷಣಾ ಪದ ಬಳಸಿ ಘೋಷಿಸಿ, ಬೆಲೆ (ವ್ಯಾಲ್ಯೂ) ಕೊಡದೆ ಮುದ್ರಿಸಿದರೆ 'ಅನ್‌ಡಿಫೈನ್ಡ್' ಎಂದು ಬರುತ್ತದೆ. ಎಲ್ಲಿಯೂ ಘೋಷಿಸದ 'ಬಿಸಿಲು' ಎಂಬ ಹೆಸರನ್ನು ಮುದ್ರಿಸಹೊರಟರೆ 'ನಾಟ್ ಡಿಫೈನ್ಡ್' ಎಂಬ ದೋಷ ತೋರಿಸಿ ಪ್ರೋಗ್ರಾಂ ನಿಂತುಬಿಡುತ್ತದೆ. ಆದರೆ ಟೈಪ್‌ಆಫ್ (ಬೆಲೆ ಯಾವ ಬಗೆಯದೆಂದು ಹೇಳುವ ಆಜ್ಞೆ) ಹಾಕಿ ಕೇಳಿದರೆ ಎರಡಕ್ಕೂ 'ಅನ್‌ಡಿಫೈನ್ಡ್' ಎಂದೇ ಉತ್ತರ. ಇವು ಬೇರೆ ಬೇರೆ ಸ್ಥಿತಿಗಳೇ? ಅಳತೆ ತೆಗೆಯದ ದಿನವನ್ನು ಯಾವುದರಿಂದ ಸೂಚಿಸಬೇಕು?

ಉತ್ತರ: ಉಪನ್ಯಾಸಕ, ಹಾಸನ
ಖಂಡಿತ ಬೇರೆ. 'ಅನ್‌ಡಿಫೈನ್ಡ್' ಎಂಬುದು ಸ್ವತಃ ಒಂದು ಬೆಲೆ. ಲೆಟ್ ಇರುವ ಸಾಲು ನಡೆದಾಗ ನೀವು ಏನನ್ನೂ ಕೊಡದಿದ್ದರೆ ಭಾಷೆಯೇ ಅದನ್ನು ತುಂಬುತ್ತದೆ. 'ಬಿಸಿಲು' ಎಂಬುದನ್ನಾದರೋ ಒಳಗಿನ ಸ್ಕೋಪಿನಿಂದ (ಹೆಸರು ಸಲ್ಲುವ ವ್ಯಾಪ್ತಿಯಿಂದ) ಇಡೀ ಪ್ರೋಗ್ರಾಮಿಗೆ ಸಲ್ಲುವ ಗ್ಲೋಬಲ್‌ವರೆಗೆ ಹುಡುಕಿ, ಎಲ್ಲಿಯೂ ಸಿಗದ ಕಾರಣ ರೆಫರೆನ್ಸ್ ಎರರ್ (ನೀವು ಕಂಡ 'ನಾಟ್ ಡಿಫೈನ್ಡ್' ದೋಷ) ಕೊಡುತ್ತದೆ. ಸಿಗದ ಹೆಸರಿನ ಮೇಲೂ ದೋಷ ಕೊಡದಿರುವ ವಿನಾಯಿತಿ ಟೈಪ್‌ಆಫ್‌ಗೆ ಇದೆ. ನಿಮಗೆ ಎರಡೂ ಒಂದೇ ಎನ್ನಿಸಿದ್ದು ಅದರಿಂದಲೇ. ಭಾಷೆಯ 2015ರ ಆವೃತ್ತಿಯಲ್ಲಿ ಲೆಟ್, ಕಾನ್ಸ್ಟ್ ಎಂಬ ಘೋಷಣಾ ಪದಗಳು ಬಂದ ಮೇಲೆ ಇನ್ನೊಂದು ಸ್ಥಿತಿಯೂ ಸೇರಿತು: ಬ್ಲಾಕಿನ (ಪುಷ್ಪಾವರಣದೊಳಗಿನ ಸಾಲುಗಳ) ಆರಂಭದಿಂದ ಘೋಷಣೆಯ ಸಾಲಿನವರೆಗೆ ಹೆಸರು ಇರುತ್ತದೆ, ಆದರೆ ಅದನ್ನು ಮುಟ್ಟುವಂತಿಲ್ಲ, ಅಲ್ಲಿ ಟೈಪ್‌ಆಫ್ ಕೂಡ ದೋಷವನ್ನೇ ಕೊಡುತ್ತದೆ.

ಉತ್ತರ: ಸಾಫ್ಟ್‌ವೇರ್ ಉದ್ಯೋಗಿ, ಚಿಕ್ಕಮಗಳೂರು
ಮಳೆಯ ಲೆಕ್ಕಕ್ಕೆ ಈ ವ್ಯತ್ಯಾಸ ನಿಜಕ್ಕೂ ಮುಖ್ಯ. ಹೂಮಳೆಯ (ಕಾಫಿ ಗಿಡ ಹೂಬಿಡಲು ಬೇಕಾದ ಮಳೆಯ) ಸಮಯದಲ್ಲಿ ಮಳೆ ಬಾರದ ದಿನವೂ ಅಳತೆ ತೆಗೆಯದ ದಿನವೂ ಒಂದೇ ಆಗಿಬಿಟ್ಟರೆ ಆ ಪಟ್ಟಿಯನ್ನು ನಂಬಿ ತುಂತುರು ನೀರಾವರಿಯ ತೀರ್ಮಾನ ಮಾಡುವಂತಿಲ್ಲ. ಮಳೆ ಬಾರದ ದಿನಕ್ಕೆ 0, ಅಳೆಯದ ದಿನಕ್ಕೆ ನಲ್ ('ಏನೂ ಇಲ್ಲ' ಎಂಬ ಬೆಲೆ) ಎಂದು ನೀವೇ ಬರೆಯಿರಿ. ಅನ್‌ಡಿಫೈನ್ಡ್ ಬೇಡ, ಏಕೆಂದರೆ ಮಾಹಿತಿಯನ್ನು ಪಠ್ಯವಾಗಿ ಉಳಿಸುವ ರೂಪವಾದ ಜೇಸನ್‌ಗೆ ಪರಿವರ್ತಿಸುವಾಗ ಆಬ್ಜೆಕ್ಟಿನೊಳಗಿನ (ಹೆಸರು-ಬೆಲೆ ಜೋಡಿಗಳ ಗುಂಪಿನೊಳಗಿನ) ಅಂಥ ಪ್ರಾಪರ್ಟಿ (ಜೋಡಿ) ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ನಲ್ ಉಳಿಯುತ್ತದೆ. ಆದರೆ ಕೂಡುವಾಗ ಎಚ್ಚರವಿರಲಿ: 5ಕ್ಕೆ ಅನ್‌ಡಿಫೈನ್ಡ್ ಕೂಡಿದರೆ 'ನಾಟ್ ಎ ನಂಬರ್' ಬಂದು ತಪ್ಪು ಕಣ್ಣಿಗೆ ಬೀಳುತ್ತದೆ, ನಲ್ ಕೂಡಿದರೆ 5 ಬರುತ್ತದೆ, ಅಂದರೆ ಅಳೆಯದ ದಿನ ಸೊನ್ನೆಯಾಗಿ ಸರಾಸರಿಯನ್ನು ಇಳಿಸುತ್ತದೆ. ಆದ್ದರಿಂದ ಸರಾಸರಿಗೆ ಮೊದಲು ನಲ್ ಇರುವ ದಿನಗಳನ್ನು ಬೇರ್ಪಡಿಸಿ.

ವಿದ್ಯಾರ್ಥಿನಿ, ಮೂಡಿಗೆರೆ
ಇಬ್ಬರಿಗೂ ಧನ್ಯವಾದ, ಸರ್. ಘೋಷಿಸದ ಹೆಸರಿಗೆ ಬೆಲೆ ಕೊಟ್ಟರೆ ಮಾತ್ರ ದೋಷ ಬರುವುದಿಲ್ಲವಲ್ಲ, ಏಕೆ?

ಉಪನ್ಯಾಸಕ, ಹಾಸನ
ಹಳೆಯ ಸಡಿಲ ವಿಧಾನದಲ್ಲಿ ಹಾಗೆ ಮಾಡಿದರೆ ಆ ಹೆಸರು ಗ್ಲೋಬಲ್ ಆಗಿ ಹುಟ್ಟಿಕೊಳ್ಳುತ್ತದೆ. ಅಕ್ಷರ ತಪ್ಪಿ 'ಮಳೆ' ಎಂಬುದು 'ಮಳ' ಆದರೂ ನಿಮಗೆ ಗೊತ್ತಾಗದು. ಫೈಲಿನ ಮೊದಲ ಸಾಲಿನಲ್ಲಿ 'ಯೂಸ್ ಸ್ಟ್ರಿಕ್ಟ್' ಎಂಬ ಕಟ್ಟುನಿಟ್ಟಿನ ವಿಧಾನದ ಸೂಚನೆಯನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ, ಆಗ ಅಲ್ಲಿಯೂ ರೆಫರೆನ್ಸ್ ಎರರ್ ಬರುತ್ತದೆ.