ಸಹಾಯ ಬೇಕು: ಮಾವನವರ ಸಿಗರೇಟು ಬಿಡಿಸೋಕೆ ಒಬ್ಬ ಮಾಜಿ ಸೈನಿಕರು

ನಮಸ್ಕಾರ. ನಮ್ಮದು ಸೋಮವಾರಪೇಟೆ ಕಡೆ. ಮಾವನವರು 24 ವರ್ಷ ಮಿಲಿಟರಿಯಲ್ಲಿದ್ದು ಹವಾಲ್ದಾರ್ ಆಗಿ ನಿವೃತ್ತರಾದವರು. ಲೇಹ್‌ನ ಚಳಿಯಲ್ಲಿ ಹತ್ತಿದ ಚಟ ಇನ್ನೂ ಹೋಗಿಲ್ಲ. ಬೆಳಿಗ್ಗೆ ಕಾಫಿ ಲೋಟ ಕೈಗೆ ಬರೋ ಮೊದಲೇ ಜಗಲಿಯಲ್ಲಿ ಕಡ್ಡಿ ಗೀರಿದ ಸದ್ದು. ಈಗ ತೋಟದ ಏರು ಹತ್ತುವಾಗ ಮೂರು ಕಡೆ ನಿಲ್ಲುತ್ತಾರೆ.

ಸಿಗರೇಟು ಬಿಡೋಕೆ ಜಗಿಯೋ 2 ಎಂಜಿ ನಿಕೋಟಿನ್ ಗಮ್ ತಂದುಕೊಟ್ಟೆ. ಎಲೆಅಡಿಕೆ ತರ ಜಗಿದು, ಬಿಕ್ಕಳಿಕೆ ಹತ್ತಿ, ಕಾಫಿ ಗಿಡದ ಬುಡಕ್ಕೆ ಉಗಿದರು. ನಾಲ್ಕೈದು ಸಲ ಜಗಿದು ಕೆನ್ನೆಯೊಳಗೆ ಒತ್ತರಿಸಿ ಇಟ್ಟುಕೊಳ್ಳಬೇಕು ಅಂತ ಆಮೇಲೆ ಗೊತ್ತಾಯ್ತು. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಎಂಜಿ ಬೇಕಂತೆ. 1800-11-2356, ತಂಬಾಕು ಬಿಡೋರಿಗೆ ಇರೋ ಉಚಿತ ಸಹಾಯವಾಣಿ, ಅದಕ್ಕೆ ನಾನೇ ಫೋನ್ ಮಾಡಿ ಕೈಗೆ ಕೊಟ್ಟರೆ "ಗಡಿ ಕಾಯೋದು ಅವರಿಗೇನು ಗೊತ್ತು" ಅಂತ ಇಟ್ಟುಬಿಟ್ಟರು.

ಇನ್ನೊಬ್ಬ ಫೌಜಿ ಹೇಳಿದರೆ ಮಾತ್ರ ಕೇಳ್ತಾರೆ ಅನ್ಸುತ್ತೆ. ಸಿಗರೇಟು ಬಿಟ್ಟ ಮಾಜಿ ಸೈನಿಕರು ಯಾರಾದರೂ ಇದ್ದೀರಾ? ಒಂದು ಭಾನುವಾರ ಬಂದು ಮಾತಾಡಿದರೆ ಸಾಕು, ಊಟ ನಮ್ಮಲ್ಲೇ. ಮಡಿಕೇರಿಯ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ನಲ್ಲಿ ಗಮ್ಮೋ, ಚರ್ಮಕ್ಕೆ ಅಂಟಿಸೋ ನಿಕೋಟಿನ್ ಪ್ಯಾಚೋ ತಗೊಂಡವರಿದ್ದರೂ ತಿಳಿಸಿ.

ದಯವಿಟ್ಟು "ಬೈದು ಬಿಡಿಸಿ" ಅನ್ನಬೇಡಿ. ಅತ್ತೆ 30 ವರ್ಷದಿಂದ ಅದನ್ನೇ ಮಾಡ್ತಿದ್ದಾರೆ.